ಕಾಯಿಸಿದ ನೀರು

ಶಶಿರೇಖಾ ಕೆಲಸಕ್ಕೆ ಸೇರುವುದು ಅವರ ಮನೆಯಲ್ಲಿ ಒಬ್ಬರಿಗೆ ಮಾತ್ರ ಬೇಕಾಗಿತ್ತು. ಆ ಒಬ್ಬರು ಶಶಿರೇಖಾ ಅಲ್ಲ, ಅವಳ ಅತ್ತೆ ಸರ್ವಮಂಗಳಮ್ಮ.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಅವರ ಮನೆ. ಗಂಡ ಲಕ್ಷ್ಮೀಕಾಂತ್ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಶಶಿರೇಖಾಳ ತವರು ಕುಣಿಗಲ್. ಆದರೆ ಸ್ಕೂಲು, ಕಾಲೇಜು ಎಲ್ಲ ತುಮಕೂರಿನಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಬಿ.ಎಸ್ಸಿ. ಮುಗಿಸಿದ ವರ್ಷವೇ ಮದುವೆ. ಮೊದಲನೆಯದು ಹೆಣ್ಣುಮಗು, ಚೈತ್ರಾ. ಆ ಮಗು ಇನ್ನೂ ಅಂಬೆಗಾಲಿಡುತ್ತಿದ್ದಾಗ, ಬಿರುಬೇಸಿಗೆಯಲ್ಲಿ, ಕುಣಿಗಲ್ಲಿನ ತವರಿನಲ್ಲೇ ವಾಂತಿಭೇದಿಯಾಗಿ ತೀರಿಹೋಯಿತು. ಬೆಳಗ್ಗೆ ಆಡುತ್ತಿದ್ದ ಮಗು ಮಾರನೆಯ ಸಂಜೆಗೆ ಇರಲಿಲ್ಲ. "ನೀರಿಂದ ಬಂದಿರ್ಬೇಕು" ಎಂದಿದ್ದರು ಡಾಕ್ಟರು. ಯಾವ ನೀರು, ಯಾರು ಕುಡಿಸಿದ್ದು, ಅದೆಲ್ಲ ಯಾರಿಗೂ ಕೊನೆಗೂ ತಿಳಿಯಲಿಲ್ಲ. ಅಂದಿನಿಂದ ಮನೆಯಲ್ಲಿ ಯಾರೂ ಆ ಹೆಸರೆತ್ತಲಿಲ್ಲ.

ಆಮೇಲೆ ಗಂಡುಮಗು ಹುಟ್ಟಿತು. ಶಶಿರೇಖಾ ನೀರು ಕಾಯಿಸತೊಡಗಿದಳು. ಕುದಿಸಿ, ಆರಿಸಿ, ಬಿಳಿ ಪಂಚೆಯಲ್ಲಿ ಸೋಸಿ, ಮುಚ್ಚಿಡುವಳು. ಮೊಲೆ ಕುಡಿಯುವ ಮಗುವಿಗೆ ತಾಯಿ ಕುಡಿದ ನೀರೇ ಹೋಗುತ್ತದೆಂದು ತಾನೂ ಅದನ್ನೇ ಕುಡಿಯುವಳು. ಹಾಗೆ ಹೋಗುವುದಿಲ್ಲವೆಂದು ಓದಿದ ಬುದ್ಧಿ ಹೇಳುತ್ತಿತ್ತು. ಎದೆ ಕೇಳುತ್ತಿರಲಿಲ್ಲ. ಮಗು ನಿದ್ದೆ ಹೋದರೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರಿದೆಯೇ ಎಂದು ನೋಡುವಳು. ನೋಡಿ ಎದ್ದು ಹೋಗಿ ಮತ್ತೆ ಬಂದು ನೋಡುವಳು.

ಸರ್ವಮಂಗಳಮ್ಮ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ, ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಒಂದು ದಿನ ಪೇಪರು ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ನೋಡೇ ಶಶಿ ಇಲ್ಲಿ. ಬಿ.ಎಡ್ಡೂ ಬೇಡ, ಟಿ.ಸಿ.ಎಚ್ಚೂ ಬೇಡವಂತೆ. ಡಿಗ್ರಿ ಆಗಿದ್ರೆ ಅವರೇ ಟ್ರೈನಿಂಗ್ ಕೊಟ್ಟು ಮೇಷ್ಟ್ರಿಲ್ಲದ ಊರಿಗೆ ಕಳಿಸ್ತಾರಂತೆ."

"ಮಗು ಬಿಟ್ಟು ನಾನೆಲ್ಲಿಗ್ ಹೋಗ್ಲಿ ಅತ್ತೆ?"

"ಯಾಕೆ, ನಾನೇನ್ ಸತ್ತೋಗಿದೀನಾ? ನಿನ್ ಗಂಡನ್ನ ಸಾಕಿದ್ದು ಯಾರು, ಎದುರುಮನೆಯವ್ರಾ?"

"ಹಾಗಲ್ಲ ಅತ್ತೆ, ಅವನಿಗೆ ನೀರು..."

"ಕಾಯಿಸ್ತೀನಮ್ಮಾ ತಾಯಿ, ನಿನ್ ಥರಾನೇ ಕಾಯಿಸ್ತೀನಿ. ಗ್ಯಾಸ್ ಖರ್ಚಾದ್ರೆ ಆಗ್ಲಿ." ಮುದುಕಿ ಪೇಪರನ್ನು ಕಟ್ಟೆಯ ಮೇಲಿಟ್ಟು ದನಿ ತಗ್ಗಿಸಿದರು. "ನೀನು ಮಗೂನ ಸಾಕ್ತಿಲ್ಲ ಕಣೇ, ಕಾವಲು ಕಾಯ್ತಿದೀಯ. ಅದಕ್ಕೂ ಒಂಚೂರು ಉಸಿರಾಡೋಕೆ ಬಿಡು."

ಸಂದರ್ಶನಕ್ಕೆ ಕೂತಿದ್ದವರು ಅಂಜನಮೂರ್ತಿ. ನಿವೃತ್ತ ಹೆಡ್‌ಮಾಸ್ಟರು, ಈ ಯೋಜನೆಯ ಮೇಲ್ವಿಚಾರಕರು. "ಯಾಕಮ್ಮ ಟೀಚರಾಗ್ಬೇಕು?" ಎಂದರು. ದೇಶ, ಭವಿಷ್ಯ, ಸೇವೆ ಎಂದೆಲ್ಲ ಶಶಿರೇಖಾ ಬಾಯಿಪಾಠ ಮಾಡಿಕೊಂಡು ಹೋಗಿದ್ದಳು. ಬಾಯಿಂದ ಬಂದದ್ದು, "ನಮ್ಮತ್ತೆ ಕಳಿಸಿದ್ರು ಸರ್."

ಅಂಜನಮೂರ್ತಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಬೆಳಗ್ಗೆಯಿಂದ ಎಲ್ರೂ ದೇಶ ಉದ್ಧಾರ ಮಾಡ್ತೀವಿ ಅಂದ್ರು. ನಿಜ ಹೇಳಿದೋಳು ನೀನೊಬ್ಳೇ. ಸೇರ್ಕೋ."

ತರಬೇತಿ ಒಂದು ಹಳೆಯ ಛತ್ರದಲ್ಲಿ ನಡೆಯಿತು. ಹುಣಸೆಬೀಜದಲ್ಲಿ ಕೂಡುವುದು, ಕಳೆಯುವುದು, ಕೈತಟ್ಟಿ ಹಾಡುವುದು, ಕೋಲಿಲ್ಲದೆ ನಲವತ್ತು ಮಕ್ಕಳನ್ನು ಸುಮ್ಮನಿರಿಸುವುದು ಎಲ್ಲವನ್ನೂ ಹೇಳಿಕೊಟ್ಟರು. ಅಂಜನಮೂರ್ತಿಯವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತು ಒಂದೇ: ಮಕ್ಕಳ ಮನೆ ಹೊಸಿಲು ತುಳಿಯದೆ ಬೋರ್ಡು ಮುಟ್ಟಬೇಡಿ. ಇನ್ನೊಂದು ಕಟ್ಟಳೆಯೂ ಇತ್ತು. ಮೊದಲ ಮೂರು ತಿಂಗಳು ಪರೀಕ್ಷೆಯ ಕಾಲ. ಆಮೇಲೆ ಊರಿನ ತಂದೆತಾಯಿಗಳ ಸಭೆ ಕರೆದು, ಈ ಟೀಚರು ನಿಮಗೆ ಬೇಕೇ ಎಂದು ಪ್ರತಿ ಬೀದಿಯವರನ್ನೂ ಕೇಳುತ್ತಾರೆ. ಬೇಡವೆಂದರೆ ಬೇರೆ ಊರು. ಅಲ್ಲೂ ಬೇಡವೆಂದರೆ ಮನೆ.

ಶಶಿರೇಖಾಗೆ ಸಿಕ್ಕಿದ್ದು ಗುಬ್ಬಿ ತಾಲ್ಲೂಕಿನಲ್ಲಿ, ಕಡಬದ ಕೆರೆಯಾಚೆಗಿನ ಒಂದು ಪಾಳ್ಯ. ಸರ್ಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ, ಬಸ್ಸಿನವರು ಬರೀ ಪಾಳ್ಯ ಎನ್ನುತ್ತಾರೆ. ಇದ್ದ ಮೇಷ್ಟ್ರು ನಿವೃತ್ತರಾದ ಮೇಲೆ ಶಾಲೆಗೆ ಬೀಗ ಬಿದ್ದು ವರ್ಷವಾಗಿತ್ತು. ಹೋದ ಮೊದಲ ದಿನವೇ ಅವಳು ಮನೆಮನೆ ಹತ್ತಿದಳು. ಹೆಗಲ ಚೀಲದಲ್ಲಿ ನೀರಿನ ಬಾಟಲು.

ಮೊದಲನೆಯ ಮನೆ ಸದಾಶಿವಯ್ಯನವರದು. ತೆಂಗಿನಕಾಯಿ ವ್ಯಾಪಾರ, ಹಿಂದೊಮ್ಮೆ ಪಂಚಾಯ್ತಿ ಅಧ್ಯಕ್ಷರಾಗಿದ್ದವರು. ಊರಲ್ಲಿ ಅವರ ಮಾತಿಗೆ ಎದುರಿಲ್ಲ. ಅವರ ಹೆಂಡತಿ ಕಾಫಿ ಕೊಟ್ಟರು. ಹಬೆಯಾಡುವ ಕಾಫಿ, ಕುದಿದದ್ದು ಎಂದು ಶಶಿರೇಖಾ ಧೈರ್ಯವಾಗಿ ಕುಡಿದಳು. ಬಾಟಲಿಯ ನೀರು ಅರ್ಧಕ್ಕೆ ಬಂದಿತ್ತು. "ಅಮ್ಮಾ, ಮನೇಲಿ ಹಾಲು ಕುಡಿಯೋ ಮಗು ಇದೆ, ನಾನು ಕಾಯಿಸಿದ ನೀರೇ ಕುಡಿಯೋದು. ಸ್ವಲ್ಪ ಬಿಸಿನೀರಿದ್ರೆ..." ಎಂದು ಕೇಳಿದಳು. ಆಕೆ ಹಂಡೆಯಿಂದ ತೋಡಿ, ಮತ್ತೆ ಒಲೆಯ ಮೇಲಿಟ್ಟು ಕುದಿಸಿ, ತುಂಬಿಸಿ ಕೊಟ್ಟರು.

ಮಧ್ಯಾಹ್ನದ ಹೊತ್ತಿಗೆ ಕಾಲೋನಿಗೆ ಬಂದಳು. ಊರು ಮುಗಿದು, ತೋಟ ದಾಟಿ, ಕೆರೆ ಏರಿಯ ಪಕ್ಕಕ್ಕಿದ್ದ ಹದಿನೈದಿಪ್ಪತ್ತು ಮನೆಗಳು. ಊರೊಳಗೆ ಸೇರಿಸಿಕೊಳ್ಳದ ಜನರ ಮನೆಗಳು. ಕದರಮ್ಮ ಎಂಬ ಮುದುಕಿಯ ಮನೆ ಮುಂದೆ ತೆಂಗಿನಗರಿಯ ರಾಶಿ. ಗರಿ ಸೀಳಿ ಕಡ್ಡಿ ತೆಗೆದು ಪೊರಕೆ ಕಟ್ಟುವುದು ಆಕೆಯ ಕಸುಬು. ಅವಳ ಮೊಮ್ಮಗಳು ಅರುಣಾ ಮೂರನೇ ಕ್ಲಾಸಿಗೆ ಬರಬೇಕಾದವಳು. ಬೀಗ ಬಿದ್ದ ಶಾಲೆಯ ಗೋಡೆಬರಹವನ್ನೇ ಓದಿ ಓದಿ ಅಕ್ಷರ ಉಳಿಸಿಕೊಂಡಿದ್ದ ಹುಡುಗಿ. ಟೀಚರು ಬಂದರೆಂದು ಚಾಪೆ ಹಾಸಿ, ಒಳಗೆ ಓಡಿ, ಹುಣಸೆಹಣ್ಣಿನಲ್ಲಿ ತಿಕ್ಕಿದ ಹಿತ್ತಾಳೆ ಚೊಂಬಿನಲ್ಲಿ ನೀರೂ ತಟ್ಟೆಯಲ್ಲಿ ಬೆಲ್ಲವೂ ತಂದಿಟ್ಟಳು. ಬಂದವರಿಗೆ ಬೆಲ್ಲ ನೀರು ಕೊಡುವುದು ಆ ಕಡೆಯ ಪದ್ಧತಿ.

ಶಶಿರೇಖಾ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಳು. ಚೊಂಬಿನ ಕಡೆ ನೋಡಿದಳು. ಕುಣಿಗಲ್ಲಿನ ಆ ಬೇಸಿಗೆ ನೆನಪಾಯಿತು. ಚೊಂಬನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಈಗ ಬೇಡ ಪುಟ್ಟಾ" ಎಂದು ನಕ್ಕಳು. ಆಮೇಲೆ ಬಹಳ ಹೊತ್ತು ಕೂತು ಮಾತಾಡಿದಳು. ಹುಡುಗಿಯಿಂದ ಮಗ್ಗಿ ಹೇಳಿಸಿದಳು. ಎಲ್ಲ ಚೆನ್ನಾಗಿಯೇ ನಡೆಯಿತೆಂದುಕೊಂಡು ಎದ್ದಳು. ಏರಿಯ ಮೇಲೆ ಬಂದಾಗ ಬಿಸಿಲಿಗೆ ನಾಲಗೆ ಒಣಗಿತ್ತು. ಹೊಂಗೆಮರದ ಕೆಳಗೆ ನಿಂತು ಬಾಟಲಿಯ ನೀರನ್ನು ಗಟಗಟನೆ ಕುಡಿದಳು. ಕಾಲೋನಿಯ ಯಾವ ಮನೆಯ ಮುಂದೆ ನಿಂತರೂ ಆ ಮರ ಕಾಣುತ್ತದೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಮರುದಿನ ಶಾಲೆ ಬಾಗಿಲು ತೆರೆಯಿತು. ಊರ ಮಕ್ಕಳೆಲ್ಲ ಬಂದರು. ಕಾಲೋನಿಯಿಂದ ಒಂದು ಮಗುವೂ ಬರಲಿಲ್ಲ. ರಾಗಿ ಒಕ್ಕಣೆಯ ಕಾಲ, ಕೆಲಸವಿರಬಹುದು ಎಂದುಕೊಂಡಳು. ಒಕ್ಕಣೆ ಮುಗಿಯಿತು. ಆಗಲೂ ಬರಲಿಲ್ಲ. ಮಕ್ಕಳನ್ನು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಎರಡು ಸಲ ಕಾಲೋನಿಗೆ ಹೋದಳು. ಎರಡು ಸಲವೂ ಕದರಮ್ಮನ ಬಾಗಿಲು ಮುಚ್ಚಿತ್ತು, ಪಕ್ಕದವರು ತೋಟಕ್ಕೆ ಹೋಗವ್ರೆ ಎಂದರು. ಸಂಜೆ ಬಸ್ಸಿನಲ್ಲಿ ಹಾಲು ತುಂಬಿ ಎದೆ ನೋಯುವಾಗ, ಮನೆಯಲ್ಲಿ ಮಗು ಏನು ಮಾಡುತ್ತಿದೆಯೋ ಎಂಬ ದಿಗಿಲಿನ ಜೊತೆಗೆ ಈಗ ಇನ್ನೊಂದು ದಿಗಿಲು ಸೇರಿಕೊಂಡಿತು.

ವಿಷಯ ಗೊತ್ತಾದದ್ದು ಸಂಕ್ರಾಂತಿಯಂದು. ಎಳ್ಳು ಬೀರಲು ಮಕ್ಕಳು ಕರೆದರೆಂದು ರಜೆಯಲ್ಲೂ ಬಂದಿದ್ದಳು. ಸದಾಶಿವಯ್ಯನವರು ಜಗಲಿಯ ಮೇಲೆ ಕೂರಿಸಿ, ಎಲೆ ಮಡಿಸುತ್ತ ಹೇಳಿದರು:

"ಮೇಡಮ್ಮೋರೇ, ಸಿಟಿಯೋರು ಅಂದ್ರೆ ಎಲ್ಲಾ ಕುಲಗೆಟ್ಟು ಹೋಗಿರ್ತಾರೆ ಅಂದ್ಕೊಂಡಿದ್ದೆ. ನೀವು ಪರವಾಗಿಲ್ಲ."

"ಏನ್ ಸರ್? ಅರ್ಥ ಆಗ್ಲಿಲ್ಲ."

"ಅದೇ, ಕಾಲೋನೀಲಿ ನೀರು ಮುಟ್ಲಿಲ್ವಂತೆ. ಬಾಯಾರಿ ಸಾಯ್ತಿದ್ರೂ ಏರಿ ಮೇಲೆ ಬಂದು ನಮ್ಮನೆ ನೀರು ಕುಡುದ್ರಂತೆ. ಜಗಳ ಇಲ್ಲ, ಬಿರುನುಡಿಯಿಲ್ಲ, ಹಂಗೇ ಪಕ್ಕಕ್ಕೆ ಸರಿಸಿ ನಗ್ತಾ ಎದ್ದು ಬಂದ್ರಂತೆ. ಅದು ಸಂಸ್ಕಾರ ಅಂದ್ರೆ!"

ಕೈಯಲ್ಲಿದ್ದ ಎಳ್ಳು ಬೆಲ್ಲ ಅಂಗೈಯ ಬೆವರಿಗೆ ಅಂಟಿಕೊಂಡಿತು. ಯಾರಾದರೂ ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲವೇನೋ. ಹೊಗಳಿಕೆಯಲ್ಲಿ ಅವಳಿಗೆ ತಾನು ಮಾಡಿದ್ದು ಏನೆಂದು ಕಂಡಿತು. ಅಲ್ಲವೆನ್ನಲು ಬಾಯಿ ತೆರೆದಳು. ಒಳಗಿಂದ ಅವರ ಹೆಂಡತಿ ಕಾಫಿ ತಂದರು. ಹೊಟ್ಟೆ ಸರಿಯಿಲ್ಲವೆಂದು ಕಾಫಿ ಬಿಟ್ಟು ಎದ್ದಳು, ಅಷ್ಟೇ.

ಮಾರನೆಯ ದಿನ ಶಾಲೆ ಬಿಟ್ಟವಳೇ ಕಾಲೋನಿಗೆ ಹೋದಳು. ಕದರಮ್ಮ ಬಾಗಿಲಲ್ಲೇ ಗರಿ ಸೀಳುತ್ತ ಕೂತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ. ಶಶಿರೇಖಾ ತಾನೇ ನೆಲದ ಮೇಲೆ ಕೂತಳು.

"ಒಂದ್ ಲೋಟ ನೀರು ಕೊಡ್ತೀರಾ ಅಮ್ಮಾ?"

ಕದರಮ್ಮನ ಕತ್ತಿ ನಿಂತಿತು. "ಯಾಕವ್ವ? ಆ ಬಾಟ್ಲು ಒಡ್ದೋಯ್ತಾ?"

"ಇಲ್ಲ. ಅವತ್ತು ನಾನು..."

"ಬ್ಯಾಡ ಬುಡು. ಈಗ ಕುಡುದ್ರೆ ನಮ್ ಬಾಯ್ ಮುಚ್ಸಕ್ಕೆ ಕುಡೀತೀಯ. ಅಂಗೆ ಕುಡ್ದೋರ್ನ ಬೇಕಾದಷ್ಟ್ ನೋಡಿವ್ನಿ. ಎಲೆಕ್ಷನ್ ಬಂದಾಗೆಲ್ಲಾ ಬಂದು ಕುಡ್ದು ಫೋಟೋ ಹಿಡಿಸ್ಕಂಡ್ ಹೋಯ್ತಾರೆ."

ಗಂಡನ ಹತ್ತಿರವೂ ಆಡದಿದ್ದ ಮಾತು, ಕುಣಿಗಲ್ಲಿನ ಬೇಸಿಗೆ, ಬೆಳಗ್ಗೆ ಆಡುತ್ತಿದ್ದ ಮಗು, ಡಾಕ್ಟರು ನೀರು ಎಂದದ್ದು, ಎಲ್ಲವನ್ನೂ ಶಶಿರೇಖಾ ಹೇಳಿದಳು. ಅಳಲಿಲ್ಲ. ಕದರಮ್ಮ ಕತ್ತಿಯನ್ನು ಕೆಳಗಿಟ್ಟು ಕೇಳಿದಳು. ಕೊನೆಗೆ ಅಂದಳು:

"ಏನ್ ಹೆಸ್ರಿಟ್ಟಿದ್ದೆ?"

"ಚೈತ್ರಾ."

"ಹೂಂ." ಮಡಿಲಿಗೆ ಬಿದ್ದ ಗರಿಯ ಚೂರು ಕೊಡವಿದಳು. "ಅದು ನಿನ್ ಸಂಕಟ. ನಾನು ಬ್ಯಾಡ ಅನ್ನಕಿಲ್ಲ. ಆದ್ರೆ ದೊಡ್ಡಮನೇಲಿ ಕಾಫಿ ಕುಡ್ದೆಯಲ್ಲ?"

"ಅದು ಕಾಯಿಸಿದ್ದಲ್ವಾ ಅಮ್ಮ."

"ನಮ್ಮನೇಲೂ ಒಲೆ ಐತೆ ಕಣವ್ವ."

ತೆಂಗಿನಗರಿಯ ಮೇಲೆ ಕೋಳಿಯೊಂದು ಕೆದಕುತ್ತಿತ್ತು. ಶಶಿರೇಖಾ ಅದನ್ನೇ ನೋಡುತ್ತ ಕೂತಳು.

"ಆ ಯಮ್ಮನ್ನ ಬಿಸ್ನೀರು ಕೊಡಿ ಅಂತ ಬಾಯ್ಬಿಟ್ಟು ಕೇಳ್ದೆಯಂತೆ. ನನ್ನ ಯಾಕ್ ಕೇಳ್ಲಿಲ್ಲ? ಕೇಳಿದ್ರೆ ಎರಡ್ ಸೋಗೆ ಇಟ್ಟು ಕಾಯ್ಸಿ ಕೊಡ್ತಿದ್ನಲ್ಲ. ನನ್ ಮೊಮ್ಮಗ್ಳು ಆ ಚೊಂಬ್ನ ಬೆಳಿಗ್ಗೆಯಿಂದ ತಿಕ್ತಿದ್ಲು. ನೀನು ಹೋದ್ಮ್ಯಾಕೆ ಆ ನೀರ್ನ ಯಾರೂ ಕುಡೀಲಿಲ್ಲ."

ಯಾಕೆ ಕೇಳಲಿಲ್ಲ? ಉತ್ತರಕ್ಕಾಗಿ ಶಶಿರೇಖಾ ತನ್ನೊಳಗೆ ತಡಕಾಡಿದಳು. ಸಂಕೋಚ ಎನ್ನಬಹುದಿತ್ತು. ಅವರಿಗೆ ತೊಂದರೆ ಕೊಡಬಾರದೆಂದು ಎನ್ನಬಹುದಿತ್ತು. ಆದರೆ ದೊಡ್ಡಮನೆಯಲ್ಲಿ ಇಲ್ಲದ ಸಂಕೋಚ ಇಲ್ಲೇಕೆ ಬಂತು? ಕಾಯಿಸಿದರೂ ಈ ಮನೆಯ ನೀರು ಕುಡಿಯುತ್ತಿದ್ದೆನೇ? ಹೌದೆಂದು ಎದೆ ಮುಟ್ಟಿ ಹೇಳಲು ಆಗಲಿಲ್ಲ. ಮಗು ಸತ್ತದ್ದು ನಿಜ, ಭಯ ನಿಜ. ಆ ಭಯದ ಮರೆಯಲ್ಲಿ ಬೇರೆ ಏನೋ ಕೂತಿದ್ದರೆ, ಅದನ್ನು ಅವಳು ಎಂದೂ ಇಣುಕಿ ನೋಡಿರಲಿಲ್ಲ.

"ಗೊತ್ತಿಲ್ಲ ಅಮ್ಮ," ಎಂದಳು. "ತಪ್ಪಾಯ್ತು. ಅರುಣಾ ಎಲ್ಲಿ? ಅವಳಿಗೂ ಹೇಳ್ತೀನಿ."

"ಅವ್ಳಿಲ್ಲ."

"ಎಲ್ಲಿಗ್ ಹೋಗಿದಾಳೆ?"

"ಕುಣಿಗಲ್ಗೆ ಕಳ್ಸಿವ್ನಿ, ಅವ್ರ ಚಿಕ್ಕಮ್ಮಂಗೆ ಹೆರಿಗೆ ಆಗೈತೆ. ದೊಡ್ ಕೂಸ್ನ ಎತ್ಕಳಾಕೆ ಒಬ್ರು ಬೇಕು ಅಂದ್ರು. ಇಲ್ಲಿ ಇಸ್ಕೂಲಿಗಂತೂ ಹೋಗಕಿಲ್ಲ ಅಂತ ಮುಖ ತಿರುಗ್ಸಿದ್ಲು. ಹೋಗು ಅಂದೆ."

"ವಾಪಸ್ ಕರೆಸಿ ಅಮ್ಮ. ನಾನೇ ಹೋಗಿ ಕರ್ಕೊಂಡು ಬರ್ತೀನಿ. ನನ್ ತವರು ಅಲ್ಲೇ."

"ಬಾಣಂತಿ ಮನೆಗೆ ಕೊಟ್ಟ ಮಾತು. ನಡುವ್ನಾಗೆ ಕಿತ್ಕಂಡ್ ಬರಾಕಾಯ್ತದಾ? ನೀನೂ ಹೆತ್ತೋಳಲ್ವಾ?" ಕದರಮ್ಮ ಮತ್ತೆ ಕತ್ತಿ ಎತ್ತಿಕೊಂಡಳು. "ಮಿಕ್ಕಿದ್ ಮಕ್ಳ ಮಾತು ಬೇರೆ. ನನ್ ಮುಂದೆ ಅಂದಿದ್ನ ಊರೋರ್ ಮುಂದೆ ಅನ್ನು, ನೋಡಾಣ. ನಮ್ಮೋರ್ ತಾವ ಬಂದು ತಪ್ಪಾಯ್ತು ಅನ್ನೋದು ಸುಲಭ."

ಸಭೆ ಫೆಬ್ರವರಿ ಕೊನೆಗೆ ನಡೆಯಿತು. ಅಲ್ಲಿಯವರೆಗೆ ಶಶಿರೇಖಾ ಸರಿಯಾಗಿ ಉಂಡಿದ್ದಿಲ್ಲ. ಹೇಳಿದರೆ ಸದಾಶಿವಯ್ಯನವರು ತಿರುಗಿಬೀಳುತ್ತಾರೆ, ಊರಬೀದಿ ಅವರ ಹಿಂದೆ ಹೋಗುತ್ತದೆ. ಹೇಳದಿದ್ದರೆ ಕೆಲಸ ಉಳಿಯುತ್ತದೆ. ಕಾಲೋನಿಯವರು ಹೇಗೂ ಸಭೆಯಲ್ಲಿ ಬಾಯಿ ಬಿಡುವುದಿಲ್ಲ. ಈ ಲೆಕ್ಕ ತನ್ನ ತಲೆಗೆ ಬಂದದ್ದಕ್ಕೇ ನಾಚಿಕೆಯಾಗುತ್ತಿತ್ತು.

ಶಾಲೆಯ ವರಾಂಡದಲ್ಲಿ ಊರ ಗಂಡಸರು ಬೆಂಚಿನ ಮೇಲೆ, ಹೆಂಗಸರು ಚಾಪೆಯ ಮೇಲೆ. ಕಾಲೋನಿಯ ನಾಲ್ಕೈದು ಜನ ಮೆಟ್ಟಿಲ ಕೆಳಗೆ ಬೇವಿನಮರದ ಹತ್ತಿರ ನಿಂತಿದ್ದರು. ಅವರ ಜೊತೆ ಕದರಮ್ಮ. ಅಂಜನಮೂರ್ತಿಯವರು ಪದ್ಧತಿಯಂತೆ ಕೇಳಿದರು. ಸದಾಶಿವಯ್ಯ ಎದ್ದು ನಿಂತರು.

"ಕೇಳೋದೇನಿದೆ ಸಾರ್? ಮಕ್ಕಳು ಓದ್ತಾವೆ, ಬರೀತಾವೆ. ಅದಕ್ಕಿಂತ ಹೆಚ್ಚಾಗಿ ಆಚಾರ ಬಲ್ಲ ಹೆಣ್ಣುಮಗಳು. ಎಲ್ಲಿ ಹೆಂಗಿರ್ಬೇಕೋ ಹಂಗಿರ್ತಾರೆ. ನಮಗೆ ಇವರೇ ಇರಲಿ."

ಶಶಿರೇಖಾ ಎದ್ದಳು. ಕಂಬ ಹಿಡಿದುಕೊಂಡಳು.

"ಸರ್, ಇವರು ಯಾವುದಕ್ಕೆ ಹೊಗಳ್ತಿದಾರೋ ಅದು ನನ್ನ ತಪ್ಪು. ನನ್ನ ಮೊದಲನೇ ಮಗು ನೀರಿನಿಂದ ಬಂದ ಕಾಯಿಲೇಲಿ ಹೋಯ್ತು. ಅದಕ್ಕೇ ನಾನು ಕಾಯಿಸಿದ ನೀರೇ ಕುಡಿಯೋದು. ಸದಾಶಿವಯ್ಯನೋರ ಮನೇಲಿ ಬಿಸಿನೀರು ಕೇಳಿ ಇಸ್ಕೊಂಡೆ. ಕದರಮ್ಮನೋರ ಮನೇಲಿ ಕೇಳ್ಲಿಲ್ಲ. ಕೇಳ್ಬೇಕಿತ್ತು. ಕೇಳದೆ ಎದ್ದು ಬಂದೆ. ಅದರಿಂದ ಅವರ ಮಕ್ಕಳು ಮೂರು ತಿಂಗಳು ಶಾಲೆ ಕಳ್ಕೊಂಡ್ರು. ಅದು ಆಚಾರ ಅಲ್ಲ. ಆ ಕಾರಣಕ್ಕೆ ನನ್ನ ಇಟ್ಕೋಬೇಡಿ."

ಸದಾಶಿವಯ್ಯನವರ ಮುಖ ಬಿಗಿಯಿತು.

"ಇದನ್ನ ನಾಲ್ಕು ಜನದ ಮುಂದೆ ಹೇಳೋ ಅವಶ್ಯಕತೆ ಏನಿತ್ತು ಮೇಡಂ?"

"ನೀವು ನಾಲ್ಕು ಜನದ ಮುಂದೇನೇ ಹೊಗಳಿದ್ರಲ್ಲ ಸರ್."

"ಸರಿ ಹಂಗಾದ್ರೆ," ಎಂದು ಅವರು ಶಲ್ಯ ಕೊಡವಿಕೊಂಡು ಮೆಟ್ಟಿಲಿಳಿದರು. "ನಮ್ಮ ಮೊಮ್ಮಗನ್ನ ಗುಬ್ಬಿ ಕಾನ್ವೆಂಟಿಗೆ ಹಾಕೋದು ಅಂತ ಮೊದಲೇ ಇತ್ತು."

ಬೇವಿನಮರದ ಕಡೆಯಿಂದ ಯಾರದೋ ದನಿ: "ಅಲ್ಲಿ ನೀರ್ ಕೊಡೋ ಆಯಮ್ಮ ಯಾರ ಪೈಕಿ ಅಂತ ಮೊದ್ಲೇ ಕೇಳ್ಕಂಬುಡಿ ಸಾಮಿ!"

ಚಾಪೆಯ ಮೇಲಿನ ಹೆಂಗಸರಲ್ಲಿ ಒಂದಿಬ್ಬರು ಸೆರಗಿನಲ್ಲಿ ನಕ್ಕರು. ಕದರಮ್ಮ ನಗಲಿಲ್ಲ. ಶಶಿರೇಖಾಳನ್ನು ನೋಡಿದಳು, ತಲೆಯಾಡಿಸಲೂ ಇಲ್ಲ, ತಿರುಗಿ ನಡೆದಳು.

ಬಸ್ಸಿನಲ್ಲಿ ಅಂಜನಮೂರ್ತಿಯವರೂ ಜೊತೆಯಲ್ಲೇ ಬಂದರು. ಗುಬ್ಬಿ ದಾಟಿದ ಮೇಲೆ, "ಮಗು ವಿಷಯ ನನಗ್ಯಾಕಮ್ಮ ಹೇಳ್ಲಿಲ್ಲ?" ಎಂದರು.

"ಹೇಳಿದ್ರೆ ಎಲ್ರೂ ಪಾಪ ಅಂತಾರೆ ಸರ್. ಪಾಪ ಅಂದ್ಮೇಲೆ ಏನ್ ತಪ್ಪು ಮಾಡಿದ್ರೂ ಮಾಫಿ ಆಗ್ಬಿಡುತ್ತೆ."

ಅವರು ಕಿಟಕಿಯ ಕಡೆ ತಿರುಗಿದರು. "ಜೂನ್‌ವರೆಗೂ ನೋಡೋಣ. ಮಕ್ಕಳು ಬರದಿದ್ರೆ ನಾನೇನೂ ಮಾಡಕಾಗಲ್ಲ."

ಸೋಮವಾರ ಕಾಲೋನಿಯಿಂದ ಯಾರೂ ಬರಲಿಲ್ಲ. ಆ ವಾರವೂ ಇಲ್ಲ. ಮುಂದಿನ ವಾರ ಅಕ್ಕತಂಗಿಯರಿಬ್ಬರು ಬಂದು ಬಾಗಿಲ ಹತ್ತಿರ ಕೂತರು. ಒಳಗೆ ಕರೆದು ಕೂರಿಸಿದಳು. ಊರಬೀದಿಯ ಇಬ್ಬರು ತಾಯಂದಿರು ಬಂದು ಕೂಗಾಡಿ, ತಮ್ಮ ಮಕ್ಕಳನ್ನು ಎಳೆದುಕೊಂಡು ಹೋದರು. ಅವರಲ್ಲಿ ಒಬ್ಬಳು ಹತ್ತು ದಿನ ಬಿಟ್ಟು ಮತ್ತೆ ಕಳಿಸಿದಳು, ಇನ್ನೊಬ್ಬಳು ಕಳಿಸಲೇ ಇಲ್ಲ. ಹೀಗೆ ಬರುತ್ತ ಹೋಗುತ್ತ, ಯುಗಾದಿಯ ಹೊತ್ತಿಗೆ ಕಾಲೋನಿಯ ಮಕ್ಕಳೆಲ್ಲ ಒಳಗಿದ್ದರು. ಅರುಣಾ ಒಬ್ಬಳನ್ನು ಬಿಟ್ಟು.

ಪ್ರತಿ ಶನಿವಾರ ಶಶಿರೇಖಾ ಕದರಮ್ಮನ ಬಾಗಿಲಿಗೆ ಹೋಗುತ್ತಿದ್ದಳು. ಮೊದಮೊದಲು ಆಕೆ ಮುಖವೆತ್ತುತ್ತಿರಲಿಲ್ಲ. ಒಂದು ಶನಿವಾರ, "ಒಲೆ ಮ್ಯಾಲೆ ಇಟ್ಟಿವ್ನಿ. ಕಾಯೋಗಂಟ ಕೂತ್ಕ," ಎಂದಳು. ಸೋಗೆಯ ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು. ಆರಿಸಿ ಕೊಟ್ಟ ಆ ನೀರಿಗೆ ಹೊಗೆ ಹೊಗೆ ರುಚಿಯಿತ್ತು. ಶಶಿರೇಖಾ ಕುಡಿದಳು. ಕುಡಿಯುವಾಗ ಭಯವಾಗಲಿಲ್ಲವೆಂದರೆ ಸುಳ್ಳಾಗುತ್ತದೆ.

ಯುಗಾದಿಗೆ ತವರಿಗೆ ಹೋದವಳು ಕುಣಿಗಲ್ಲಿನಲ್ಲಿ ಅರುಣಾಳ ಚಿಕ್ಕಮ್ಮನ ಮನೆ ಹುಡುಕಿಕೊಂಡು ಹೋದಳು. ತನ್ನ ಮಗನನ್ನೂ ಎತ್ತಿಕೊಂಡಿದ್ದಳು. ಬಾಗಿಲಲ್ಲೇ ಅರುಣಾ ಸಿಕ್ಕಳು. ಸೊಂಟದ ಮೇಲೆ ಎರಡು ವರ್ಷದ ದಪ್ಪ ಕೂಸು. ಹುಡುಗಿ ತಲೆ ತಗ್ಗಿಸಿದಳು.

"ಅರುಣಾ, ಅವತ್ತು ನಾನು ನೀರು ಬೇಡ ಅಂದಿದ್ದು ತಪ್ಪು. ಅದನ್ನ ನಿನಗೆ ಹೇಳೋಕೆ ಬಂದೆ."

"ಅಜ್ಜಿ ಬಂದಾಗ ಹೇಳ್ತು ಮಿಸ್."

"ಬರ್ತೀಯಾ ಶಾಲೆಗೆ?"

"ಈ ಕೂಸು ನನ್ ಬಿಟ್ಟು ಯಾರ್ ತಾವಾನೂ ಹೋಗಲ್ಲ ಮಿಸ್," ಎಂದಳು. ಆಮೇಲೆ ಶಶಿರೇಖಾಳ ಮಗನನ್ನು ನೋಡಿ, ದೊಡ್ಡವರಂತೆ, "ಇವ್ನೂ ಅಂಗೇನಾ?" ಎಂದು ಕೇಳಿದಳು.

ಕೊಟ್ಟ ಮಾತು ಮುಗಿದು ಅರುಣಾ ಪಾಳ್ಯಕ್ಕೆ ಬಂದದ್ದು ಜೂನಿನಲ್ಲಿ, ಶಾಲೆ ತೆರೆದು ಒಂದು ವಾರ ಕಳೆದ ಮೇಲೆ. ಓರಗೆಯವರು ನಾಲ್ಕನೆಯ ಕ್ಲಾಸಿಗೆ ಹೋಗಿದ್ದರು. ಮಗ್ಗಿ ಮರೆತಿತ್ತು, ಒತ್ತಕ್ಷರಗಳೂ ಕೈಗೆ ಹತ್ತುತ್ತಿರಲಿಲ್ಲ. ಅವಳು ಮೂರನೆಯದರಲ್ಲೇ, ತನ್ನ ಭುಜದವರೆಗೆ ಬರುವ ಮಕ್ಕಳ ನಡುವೆ ಕೂರಬೇಕಾಯಿತು. ಶಶಿರೇಖಾ ಆಮೇಲೆ ಎಂಟು ವರ್ಷ ಆ ಶಾಲೆಯಲ್ಲೇ ಇದ್ದಳು. ಅರುಣಾ ಹತ್ತನೆಯ ತರಗತಿ ದಾಟಿದ್ದನ್ನೂ ನೋಡಿದಳು. ಆದರೆ ಅವಳ ಕಣ್ಣಲ್ಲಿ ನಿಂತಿರುವುದು ಆ ಜೂನಿನ ಬೆಳಗು. ಪ್ರಾರ್ಥನೆಗೆ ಸಾಲು ನಿಂತಾಗ ಆ ಹುಡುಗಿ ಎಲ್ಲರಿಗಿಂತ ಎತ್ತರವಾಗಿ ಕೊನೆಯಲ್ಲಿ ನಿಂತಿದ್ದಳು. ಕೈ ಮುಗಿದಿದ್ದಳು, ಕಣ್ಣು ಮುಚ್ಚಿದ್ದಳು. ಸೊಂಟ ಮಾತ್ರ ಒಂದು ಪಕ್ಕಕ್ಕೆ ವಾಲಿತ್ತು, ಅಲ್ಲಿ ಕೂಸೊಂದು ಇನ್ನೂ ಕೂತಿರುವ ಹಾಗೆ.